ವಜ್ರದೇಹ ಮತ್ತು ಬಯಲು: ಅಲ್ಲಮ–ಗೋರಕ್ಷರ ಪ್ರಥಮ ಸಮಾಗಮ

ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿಯೂ ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿಯೂ ಬರುವ ಅಲ್ಲಮಪ್ರಭು–ಗೋರಕ್ಷರ ಭೇಟಿಯನ್ನು ಹಠಯೋಗದ ಮೇಲೆ ಶಿವಯೋಗವು ಪಡೆದ ಜಯವೆಂದು ಓದುವುದು ರೂಢಿ. ಈ ಓದು ತಪ್ಪಲ್ಲ. ಆದರೆ ಅಲ್ಲಮನನ್ನು ರೂಪಿಸಿದ ನೆಲವನ್ನು ಬದಿಗಿರಿಸಿದರೆ ಪ್ರಸಂಗದ ಅರ್ಧ ಧ್ವನಿ ಕೇಳಿಸದೆ ಉಳಿಯುತ್ತದೆ.

ಪ್ರಸಂಗ ಸರಳವಾದುದು. ಸಾಧನೆಯಿಂದ ಶರೀರವನ್ನು ವಜ್ರವಾಗಿಸಿಕೊಂಡ ಗೋರಕ್ಷನು ಖಡ್ಗವನ್ನು ಅಲ್ಲಮನ ಕೈಗಿತ್ತು ಹೊಡೆಯಲು ಹೇಳುತ್ತಾನೆ. ಹೊಡೆತಕ್ಕೆ ಸದ್ದು ಹುಟ್ಟುತ್ತದೆ, ಮೈ ಕೂದಲೆಳೆಯಷ್ಟೂ ಕೊಂಕುವುದಿಲ್ಲ. ಬಳಿಕ ಗೋರಕ್ಷನು ಬೀಸಿದ ಅದೇ ಖಡ್ಗ ಅಲ್ಲಮನ ದೇಹದಲ್ಲಿ ಗಾಳಿಯಲ್ಲಿ ಸುಳಿದಂತೆ ಸುಳಿದು ಹೊರಬರುತ್ತದೆ. ಮೊದಲನೆಯ ಹೊಡೆತದ ಸದ್ದೇ ಇಲ್ಲಿ ನಿರ್ಣಾಯಕ. ಸದ್ದು ಮಾಡುವ ದೇಹದಲ್ಲಿ ಇನ್ನೂ ‘ನಾನು’ ಉಳಿದಿದೆ. ಕಾಯಸಿದ್ಧಿಯು ಕಾಯದ ಮೋಹದ ಮತ್ತೊಂದು ರೂಪವಷ್ಟೆ. ಮದ್ದಳೆಗಾರನಾಗಿದ್ದವನೊಬ್ಬನು ಸದ್ದಿನಿಂದಲೇ ಎದುರಾಳಿಯ ಮಿತಿಯನ್ನು ಅರಿಯುವುದು ಔಚಿತ್ಯಪೂರ್ಣವಾಗಿದೆ.

ಹರಿಹರನ ರಗಳೆಯ ಅಲ್ಲಮನು ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವನು. ಚಾಮರಸನು ಅವನ ಮದ್ದಳೆಯನ್ನು ಸೊರಬದ ನೆರೆಯ ಬನವಾಸಿಯಲ್ಲಿ ನುಡಿಸುತ್ತಾನೆ. ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು ಅಲ್ಲಿ ಲಾಕುಳ ಸಿದ್ಧಾಂತದೊಡನೆ ಪಾತಂಜಲ ಯೋಗದ ವ್ಯಾಖ್ಯಾನವೂ ನಡೆಯುತ್ತಿದ್ದುದನ್ನು ಹೇಳುತ್ತದೆ. ಅನ್ನ ಪಡೆಯುವವರಲ್ಲಿ ದೀನರು, ಕುರುಡರು, ಕಿವುಡರಲ್ಲದೆ ಗಾಯಕರನ್ನೂ ವಾದ್ಯಗಾರರನ್ನೂ ಎಣಿಸುತ್ತದೆ. ಯೋಗಿಯೂ ಮದ್ದಳೆಗಾರನೂ ಒಂದೇ ಅಂಗಳದಲ್ಲಿ ಎದುರಾಗುವುದು ಇಲ್ಲಿ ಕವಿಕಲ್ಪನೆಗೆ ನಿಲುಕದ ಸಂಗತಿಯಾಗಿರಲಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಹಿನ್ನೆಲೆಯಿದೆ. ಸೊರಬ, ಶಿಕಾರಿಪುರ ತಾಲ್ಲೂಕುಗಳು ವೀರಗಲ್ಲುಗಳ ಸೀಮೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಒಯ್ಯುವ ವೀರ, ಮೇಲೆ ಲಿಂಗದ ಸನ್ನಿಧಿ. ಈ ಶಿಲ್ಪಭಾಷೆಯಲ್ಲಿ ಗಾಯವೇ ಶಿವಸಾನ್ನಿಧ್ಯದ ಬೆಲೆ. ಕಡಿಯಲ್ಪಡುವ ದೇಹವಿಲ್ಲದೆ ಮೇಲಿನ ಪಟ್ಟಿಕೆ ದೊರೆಯದು. ಗೋರಕ್ಷನು ಕಡಿಯಲಾಗದ ದೇಹವನ್ನು ತಂದು ಈ ವೀರದ ಲೆಕ್ಕವನ್ನು ಕೆಡಿಸುತ್ತಾನೆ. ಕಡಿಯಲು ಏನೂ ಉಳಿಯದಂತಾದ ಅಲ್ಲಮನು ಆ ಲೆಕ್ಕವನ್ನೇ ಅಳಿಸುತ್ತಾನೆ. ಚಾಮರಸನು ವೀರಗಲ್ಲನ್ನು ಮನಸ್ಸಿನಲ್ಲಿಟ್ಟು ಬರೆದನೆಂದು ಸಾಧಿಸಲಾಗದು. ಆದರೆ ಖಡ್ಗದ ಪರೀಕ್ಷೆಯನ್ನು ತಕ್ಷಣ ಗ್ರಹಿಸುವ ಕಣ್ಣನ್ನು ಓದುಗರಲ್ಲಿ ಬೆಳೆಸಿದ್ದು ಇಂಥ ಕಲ್ಲುಗಳೇ.

ಪ್ರಸಂಗವು ಶರಣ ಪಕ್ಷದ ನಿರೂಪಣೆಯೆಂಬುದನ್ನು ಮರೆಯಬಾರದು. ಸೋಲಿನ ಬಳಿಕ ಗೋರಕ್ಷನು ಬಾಗುವ ವೇಗ ತುಸು ಅತಿಯೆನಿಸುತ್ತದೆ. ಚಾಮರಸನಂಥ ಕವಿ ಅವನಿಗೆ ಇನ್ನಷ್ಟು ಮಾತು ಕೊಡಬಹುದಿತ್ತು. ಎದುರು ಪಕ್ಷದ ನೆನಪು ಬೇರೆ ಬಗೆಯದು. 15ನೆಯ ಶತಮಾನದ ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ಯು ಕಾಲವನ್ನು ಗೆದ್ದ ಮಹಾಸಿದ್ಧರ ಪಟ್ಟಿಯಲ್ಲಿ ಗೋರಕ್ಷನೊಂದಿಗೆ ಅಲ್ಲಮಪ್ರಭುದೇವನನ್ನೂ ಹೆಸರಿಸುತ್ತದೆ, ಅಲ್ಲಿ ಗೆದ್ದವರಿಲ್ಲ, ಸೋತವರಿಲ್ಲ. ಇತ್ತ ಕನ್ನಡ ಪರಂಪರೆಯು ಗೋರಕ್ಷನನ್ನು ವಚನಕಾರರಲ್ಲಿ ಒಬ್ಬನನ್ನಾಗಿ ಎಣಿಸಿ, ಅವನ ಅಂಕಿತದೊಳಗೆ ‘ಮಹಾಪ್ರಭು’ ಎಂಬ ಪದವನ್ನು ಉಳಿಸಿಕೊಂಡಿದೆ.