ಕಲಾವಿದನ ಕನ್ನಡಿಯಾದ ಸರ್ಕಸ್

ಜರ್ಮನಿಯ ಅಭಿವ್ಯಕ್ತಿವಾದಿಗಳ ಸರ್ಕಸ್ ಮುದ್ರಣಚಿತ್ರಗಳನ್ನು ಸಂಗ್ರಹಿಸುವವರ ಮಾತು ಬಹುಪಾಲು ಹಾಳೆಯ ಸುತ್ತಲೇ ತಿರುಗುತ್ತದೆ: ಪೆನ್ಸಿಲ್ ರುಜು ಇದೆಯೇ, ಎಷ್ಟು ಪ್ರತಿ ತೆಗೆದಿದ್ದರು, ಅಂಚು ಕತ್ತರಿಸಿದ್ದಾರೆಯೇ? ಇವೆಲ್ಲ ಬೇಕಾದವೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಚಿತ್ರದಲ್ಲಿ ಕಾಣುವುದು ಸರ್ಕಸ್ಸಿನವರೋ, ಅವರ ವೇಷ ತೊಟ್ಟ ಕಲಾವಿದನೋ? ಈ ಪಂಥದ ಹಿರಿಮೆ, ಮಿತಿ ಎರಡೂ ಆ ಪ್ರಶ್ನೆಯೊಳಗಿವೆ.

1905ರಲ್ಲಿ ಡ್ರೆಸ್ಡೆನ್‌ನ ನಾಲ್ವರು ವಾಸ್ತುಶಿಲ್ಪ ವಿದ್ಯಾರ್ಥಿಗಳು ‘ಬ್ರೂಕೆ’ ಬಳಗ ಕಟ್ಟಿದರು. ವರ್ಷಕ್ಕಿಷ್ಟು ಚಂದಾ ಕೊಟ್ಟವರಿಗೆ 1906ರಿಂದ ಮುದ್ರಣಚಿತ್ರಗಳ ಸಂಪುಟ ಸಿಗುತ್ತಿತ್ತು. ಸಿರಿವಂತರಲ್ಲದವರ ಮನೆಗೂ ಹೊಸ ಕಲೆ ಹೋಗಲು ಅದೊಂದು ದಾರಿ. ಅಕಾಡೆಮಿಯಲ್ಲಿ ಗಂಟೆಗಟ್ಟಲೆ ಅಲುಗದೆ ನಿಲ್ಲುವ ರೂಪದರ್ಶಿಯನ್ನು ಒಲ್ಲದ ಈ ಯುವಕರಿಗೆ ಸರ್ಕಸ್ಸಿನ ಚುರುಕು ಮೈಗಳು ಹಿಡಿಸಿದ್ದು ಸಹಜ. ಆದರೆ ಅವರ ನೋಟದಲ್ಲಿ ಕುರುಡೂ ಇತ್ತು. 1910ರ ಸುಮಾರಿಗೆ ಸ್ಯಾಮ್, ಮಿಲ್ಲಿ ಎಂಬ ಕಪ್ಪು ಸರ್ಕಸ್ ಕಲಾವಿದರು ಬಳಗದ ಕಿರ್ಶ್ನರನ ಸ್ಟುಡಿಯೋದಲ್ಲಿ ರೂಪದರ್ಶಿಗಳಾದರು. ದೊಡ್ಡ ನಗರದ ರಂಜನೆಯ ಉದ್ಯಮದಲ್ಲಿ ದುಡಿಯುತ್ತಿದ್ದವರನ್ನು ಬ್ರೂಕೆಯವರು ಪ್ರಕೃತಿಯ ಮಕ್ಕಳೆಂಬಂತೆ ನೋಡಿದರು. ರೇಖೆ ಹೊಸದು, ನೋಟ ಮಾತ್ರ ವಸಾಹತು ಕಾಲದ್ದೇ.

ಮೊದಲ ಮಹಾಯುದ್ಧದ ನಂತರ ಸರ್ಕಸ್ಸಿನ ಬಣ್ಣವೇ ಬದಲಾಯಿತು. ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತ 1915ರಲ್ಲಿ ಮನಸ್ಸು ಕುಸಿದ ಮ್ಯಾಕ್ಸ್ ಬೆಕ್‌ಮನ್, 1921ರಲ್ಲಿ ‘ಜಾತ್ರೆ’ ಎಂಬ ಸಂಪುಟಕ್ಕೆ ಹತ್ತು ಡ್ರೈಪಾಯಿಂಟ್ ಚಿತ್ರಗಳನ್ನು ಕೊರೆದ. ಮೊದಲ ಚಿತ್ರದಲ್ಲಿ ಜನರನ್ನು ಕೂಗಿ ಕರೆಯುವವನು ಅವನೇ. ಕೈಯಲ್ಲಿ ಗಂಟೆ, ಹಿಂದೆ ‘ಬೆಕ್‌ಮನ್ ಸರ್ಕಸ್’ ಎಂಬ ಫಲಕ. ಇಲ್ಲಿ ಸರ್ಕಸ್ ಕಲಾವಿದನ ಕನ್ನಡಿ. ಆದರೂ ಅದು ಸ್ವಮೋಹವಲ್ಲ, ಕೆಟ್ಟ ಕಾಲದಲ್ಲಿ ಕಲೆಯನ್ನು ಮಾರಿ ಬದುಕಬೇಕಾದವನ ತಪ್ಪೊಪ್ಪಿಗೆ.

1922ರ ಒಟ್ಟೊ ಡಿಕ್ಸ್‌ನ ‘ಸರ್ಕಸ್’ ಸಂಪುಟ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವಿಮರ್ಶಕರು ಡಿಕ್ಸ್‌ನನ್ನು ಹೆಚ್ಚಾಗಿ ‘ನವ ವಸ್ತುನಿಷ್ಠತೆ’ ಎಂಬ ಬೇರೊಂದು ಪಂಥದ ಸಾಲಿಗೆ ಸೇರಿಸುತ್ತಾರೆ, ನಿಜ. ಆದರೆ ಅಭಿವ್ಯಕ್ತಿವಾದ ತನ್ನನ್ನು ತಾನೇ ದಾಟಿದ ಜಾಗವೂ ಇದೇ. ಮೆಷಿನ್‌ಗನ್ ಹಿಡಿದು ಯುದ್ಧ ಕಂಡವನು ‘ಸಾವನ್ನು ಧಿಕ್ಕರಿಸುವವರು’ ಎಂದು ಒಂದು ಚಿತ್ರಕ್ಕೆ ಹೆಸರಿಟ್ಟರೆ ಅದು ಬರೀ ಜಾಹೀರಾತಿನ ಮಾತಲ್ಲ. ಮೈತುಂಬ ಹಚ್ಚೆ ಹೊಯ್ಯಿಸಿಕೊಂಡ ಮಾಡ್ ಅರಿಝೋನಾಳ ಚಿತ್ರಕ್ಕೆ ಅವನು ಅವಳ ಹೆಸರನ್ನೇ ಇಟ್ಟ. ‘ತಾಂತ್ರಿಕ ಸಿಬ್ಬಂದಿ’ ಎಂಬ ಹೆಸರಿನ ಚಿತ್ರವನ್ನೂ ಸೇರಿಸಿದ. ಚಪ್ಪಾಳೆ ಸಿಗದವರ ದುಡಿಮೆಯೂ ಸರ್ಕಸ್ಸೇ ಎಂದು ಅರಿತವನ ಕೆಲಸ ಇದು.

ಇನ್ನು ಸಂಗ್ರಾಹಕರ ಹಾಳೆಯ ಮಾತಿಗೆ ಬಂದರೆ, ಡ್ರೈಪಾಯಿಂಟ್‌ನಲ್ಲಿ ಸೂಜಿ ತಾಮ್ರವನ್ನು ಗೀರಿದಾಗ ಗೀರಿನ ಪಕ್ಕಕ್ಕೆ ಲೋಹದ ಸಣ್ಣ ಏಣು ಏಳುತ್ತದೆ. ಅದು ಶಾಯಿ ಹಿಡಿದಿಟ್ಟುಕೊಂಡು ರೇಖೆಗೆ ಮಖಮಲ್ಲಿನ ಮೆದುತನ ಕೊಡುತ್ತದೆ. ಅಚ್ಚುಯಂತ್ರದಡಿ ಹಾದಾಗಲೆಲ್ಲ ಏಣು ಸವೆಯುತ್ತದೆ, ರೇಖೆ ಬಡವಾಗುತ್ತದೆ. ಆದ್ದರಿಂದ ಮೊದಮೊದಲ ಪ್ರತಿಗೆ ಬೆಲೆ ಹೆಚ್ಚೆಂಬುದು ಬರೀ ಪ್ರತಿಷ್ಠೆಯಲ್ಲ. ಭೂತಗನ್ನಡಿ ಹಿಡಿದವರ ಕಣ್ಣಿಗೇ ಬೀಳುವ ಸತ್ಯ.

ಒಪ್ಪಲಾಗದ್ದು ಸಂಪುಟ ಒಡೆದು ಬಿಡಿ ಹಾಳೆ ಮಾರುವ ರೂಢಿ. ಹಣದುಬ್ಬರಕ್ಕೆ ಹೆದರಿ ಜರ್ಮನ್ನರು ಇಂಥ ಸಂಪುಟಗಳನ್ನು ಆಸ್ತಿಯೆಂದು ಕೊಂಡ ಕಾಲವೊಂದಿತ್ತು. ಇಂದಿನ ಸರಕುಬುದ್ಧಿ ಹೊಸದಲ್ಲ. ಆದರೆ ‘ಜಾತ್ರೆ’ಯಿಂದ ಹಗ್ಗದ ಮೇಲೆ ನಡೆಯುವವರನ್ನು ಮಾತ್ರ ಕಿತ್ತು ಗೋಡೆಗೆ ಹಾಕಿದರೆ ಕೂಗಿ ಕರೆದವನಿಲ್ಲ, ಅವನ ಲಜ್ಜೆಯಿಲ್ಲ, ಉಳಿಯುವುದು ಅಂದ ಮಾತ್ರ.

ಹಾಳೆ ಯಾರ ಕೈಯಿಂದ ಬಂತೆಂಬ ಪ್ರಶ್ನೆ ಇನ್ನೂ ಗಂಭೀರ. 1937ರಲ್ಲಿ ನಾತ್ಸಿಗಳು ಮ್ಯೂನಿಕ್‌ನಲ್ಲಿ ‘ಅಧಃಪತಿತ ಕಲೆ’ ಪ್ರದರ್ಶನ ನಡೆಸಿ ಈ ಕಲಾವಿದರನ್ನು ಹೀಯಾಳಿಸಿದರು. ವಸ್ತುಸಂಗ್ರಹಾಲಯಗಳಿಂದ ಸಾವಿರಾರು ಕೃತಿಗಳನ್ನು ಕಿತ್ತುಕೊಂಡರು. ಅನೇಕ ಯಹೂದಿ ಸಂಗ್ರಾಹಕರು, ವರ್ತಕರು ತಮ್ಮದನ್ನೆಲ್ಲ ಕಳೆದುಕೊಂಡರು. ಬೆಕ್‌ಮನ್‌ನ ‘ಸಿಂಹ ಪಳಗಿಸುವವನು’ ಎಂಬ ವರ್ಣಚಿತ್ರ 2011ರಲ್ಲಿ ಕೊಲೋನ್‌ನ ಹರಾಜಿಗೆ ಬಂದಾಗ, ದೇಶ ಬಿಟ್ಟು ಓಡಬೇಕಾಗಿ ಬಂದಿದ್ದ ವರ್ತಕ ಆಲ್ಫ್ರೆಡ್ ಫ್ಲೆಕ್ಟ್‌ಹೈಮ್‌ನ ವಾರಸುದಾರರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. 1933ರಿಂದ 1945ರವರೆಗೆ ಹಾಳೆ ಯಾರ ಕೈಯಲ್ಲಿತ್ತು ಎಂದು ಕೇಳದೆ ಕೊಳ್ಳುವುದು ಆ ಅನ್ಯಾಯದಲ್ಲಿ ಪಾಲು ಕೇಳಿದಂತೆ.

ಅಭಿವ್ಯಕ್ತಿವಾದ ತನ್ನ ನೋವನ್ನು ಸರ್ಕಸ್ಸಿನವರ ಮೇಲೆ ಹೊರಿಸಿದಾಗ ಚಿತ್ರ ಸೊರಗಿತು, ಅವರ ಕಸುಬನ್ನು ಕಸುಬಾಗಿಯೇ ಕಂಡಾಗ ಗೆದ್ದಿತು. ಸಂಗ್ರಾಹಕನಿಗೂ ಅದೇ ಒರೆಗಲ್ಲು. ರುಜುವಿಗೆ ಹಣ ತೆರುವವನು ಆಟಗಾರನ ಬದುಕಿಗೂ, ಹಾಳೆಯ ಹಿಂದಿನ ಒಡೆಯನ ಬದುಕಿಗೂ ಅಷ್ಟೇ ಗಮನ ತೆರಬೇಕು.