ಫಿನ್ಲೆಂಡಿನ ಯುದ್ಧಕಾಲದ ವಲಸೆಮಕ್ಕಳು: ಒಂದು ವಿಮರ್ಶೆ

ಎರಡನೆಯ ಮಹಾಯುದ್ಧದ ಸಮಯದಲ್ಲಿ, 1941ರಿಂದ 1945ರ ವರೆಗೆ, ಫಿನ್ಲೆಂಡಿನ ಸುಮಾರು 49,000 ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಸ್ವೀಡನ್ನಿನ ಸಾಕುಮನೆಗಳಿಗೆ ಕಳುಹಿಸಲಾಯಿತು. ಇವರ ಮನಃಸ್ವಾಸ್ಥ್ಯವನ್ನು ಕುರಿತು ಸಾಂತಾವಿರ್ತಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಸಂಶೋಧನೆ ವಿಚಾರಾರ್ಹವಾದುದು. ವಲಸೆ ಹೋದವರನ್ನು ಮನೆಯಲ್ಲಿಯೇ ಉಳಿದ ಅವರ ಒಡಹುಟ್ಟಿದವರೊಡನೆ ಹೋಲಿಸಿರುವುದು ಇದರ ಹಿರಿಮೆ; ಕುಟುಂಬದ ಬಡತನವೇ ಮೊದಲಾದವುಗಳ ಪ್ರಭಾವವನ್ನು ಇದರಿಂದ ಬಹುಮಟ್ಟಿಗೆ ಬೇರ್ಪಡಿಸಿದಂತಾಯಿತು. ಮನೋರೋಗದಿಂದ ಆಸ್ಪತ್ರೆ ಸೇರಿದವರ ಪ್ರಮಾಣದಲ್ಲಿ ಒಟ್ಟಿನ ಮೇಲೆ ವ್ಯತ್ಯಾಸ ಕಾಣಲಿಲ್ಲ. ಆದರೆ ವಲಸೆ ಹೋದ ಹೆಣ್ಣುಮಕ್ಕಳಲ್ಲಿ ಖಿನ್ನತೆಯಂತಹ ಭಾವವಿಕಾರಗಳು ಹೆಚ್ಚಾಗಿದ್ದುವು. 2018ರ ಅಧ್ಯಯನವು ಅಂತಹ ತಾಯಂದಿರ ಹೆಣ್ಣುಮಕ್ಕಳಲ್ಲಿಯೂ ಇದೇ ಹೆಚ್ಚಳವನ್ನು ಕಂಡಿತು.

ಇಲ್ಲಿ ನಾವು ಒಂದು ಮಾತನ್ನು ಹೇಳಬೇಕಾಗಿದೆ. ಮನೆಯಲ್ಲುಳಿದ ಮಕ್ಕಳೂ ಯುದ್ಧದ ಭಯ, ಅಭಾವಗಳ ನಡುವೆಯೇ ಬೆಳೆದವರು. ಆದುದರಿಂದ ‘ವ್ಯತ್ಯಾಸವಿಲ್ಲ’ ಎಂದರೆ ‘ನೋವಿಲ್ಲ’ ಎಂದರ್ಥವಲ್ಲ. ಆಸ್ಪತ್ರೆಯ ದಾಖಲೆಯು ಅದರ ಬಾಗಿಲಿಗೆ ಬಂದವರನ್ನು ಮಾತ್ರ ಎಣಿಸುತ್ತದೆ; ತಾಯ್ನುಡಿಯನ್ನು ಮರೆತು ಹಿಂದಿರುಗಿ, ಹೆತ್ತವಳೊಡನೆ ಮಾತಾಡಲಾರದೆ ನಿಂತ ಮಗುವನ್ನು ಎಣಿಸದು. ಅಂಕಿಗಳ ಜೊತೆಯಲ್ಲಿ ಪತ್ರಗಳನ್ನೂ ನೆನಪುಗಳನ್ನೂ ಇರಿಸಿ ಓದುವುದು ಇತಿಹಾಸದ ವಿದ್ಯಾರ್ಥಿಗಳಾದ ನಮ್ಮ ಹೊಣೆ.