ಹೇಳಿದವರು ಯಾರು?

ತುಮಕೂರಿನ ಮಗ್ಗುಲಲ್ಲಿರುವ ಸತ್ಯಮಂಗಲದ ಹೆಸರಿನಲ್ಲೇ ಸತ್ಯವಿದೆ. ಆದರೆ ಇಂದು ಯಾವ ಊರಿಗೂ ಸತ್ಯವೊಂದೇ ಬರುವುದಿಲ್ಲ. ಅದರ ಜೊತೆ ವದಂತಿಯೂ ಅದೇ ಮೊಬೈಲಿನಲ್ಲಿ ಬರುತ್ತದೆ.

ನಮ್ಮ ಕಂಪ್ಯೂಟರ್ ಪಾಠದ ದೋಷವಿರುವುದು ಇಲ್ಲಿಯೇ. ಅದು ಬೆರಳನ್ನು ಪಳಗಿಸುತ್ತದೆ, ವಿವೇಕವನ್ನಲ್ಲ. ಟೈಪಿಂಗ್, ಪ್ರಿಂಟ್ ಕಲಿತವನಿಗೆ ಸರ್ಟಿಫಿಕೇಟ್ ಸಿಗುತ್ತದೆ. ಸುದ್ದಿಯ ಮೂಲ ಹುಡುಕುವುದನ್ನು ಕಲಿಸುವವರು ವಿರಳ. 1989ರಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ಬಿನ ಕಲ್ಪನೆಯನ್ನು ಮುಂದಿಟ್ಟದ್ದು ವಿಜ್ಞಾನಿಗಳು ಮಾಹಿತಿ ಹಂಚಿಕೊಳ್ಳಲೆಂದು. ಈಗ ಅಲ್ಲಿ ಯಾರು ಬೇಕಾದರೂ ಬರೆಯಬಹುದು. ವಿಳಾಸದಲ್ಲಿ ‘ಎಚ್‌ಟಿಟಿಪಿಎಸ್’ ಇದ್ದರೆ ಮಾಹಿತಿ ಸಾಗುವ ದಾರಿ ಭದ್ರ ಎಂದಷ್ಟೇ ಅರ್ಥ, ಬರೆದದ್ದು ನಿಜವೆಂದಲ್ಲ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ವಾಟ್ಸಾಪ್ ವದಂತಿ ಮಕ್ಕಳ ಕಳ್ಳರನ್ನಾಗಿಸಿತು. ಗುಂಪಿನ ಹೊಡೆತಕ್ಕೆ ಹೈದರಾಬಾದಿನ ಯುವಕನೊಬ್ಬ ಸತ್ತ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಆದರೆ ಜೀವ ತೆಗೆಯಲು ಐದು ಸಾಲದೇ?

ಹದೀಸ್ ಸಂಗ್ರಹಿಸಿದ ವಿದ್ವಾಂಸರು ಮಾತಿಗಿಂತ ಮೊದಲು ಸನದನ್ನು ಕೇಳಿದರು: ಹೇಳಿದವರು ಯಾರು, ಅವರು ಕೇಳಿದ್ದು ಯಾರಿಂದ? ಸುದ್ದಿಯನ್ನು ಪರಿಶೀಲಿಸಬೇಕೆಂದು ಸೂರಃ ಅಲ್-ಹುಜುರಾತ್‌ನ 6ನೇ ವಚನ ಬೋಧಿಸುತ್ತದೆ. ಇಂಥ ಪರಂಪರೆಯ ನಾವೇ ಮೂಲವಿಲ್ಲದ ‘ಹದೀಸ್’ಗಳನ್ನು ಪುಣ್ಯವೆಂದು ಫಾರ್ವರ್ಡ್ ಮಾಡುತ್ತಿದ್ದೇವೆ!

ನಾನು ಕತೆಗಾರ. ಕತೆಗೆ ಸಾಕ್ಷಿ ಬೇಕಿಲ್ಲ. ಅದು ಕತೆಯೆಂದು ಓದುಗನಿಗೆ ಗೊತ್ತು. ಸುದ್ದಿಯ ವೇಷ ತೊಟ್ಟ ಕತೆಗೆ ಸಾಕ್ಷಿ ಬೇಕು. ಅದು ಸಿಗುವವರೆಗೆ ಬೆರಳನ್ನು ತಡೆದು ಹಿಡಿಯುವುದೇ ಕಂಪ್ಯೂಟರಿನ ಮೊದಲ ಪಾಠವಾಗಲಿ.